ಬಿಸಿಲು ಬೇರೆ, ಸೆಕೆ ಬೇರೆ: ಆಗಸ್ಟ್ ತಿಂಗಳ ಪ್ರಾಕ್ಟೀಸ್‌ಗೆ ಹೋಗಬೇಕೇ, ಬೇಡವೇ?

ಇವತ್ತಿನ ನನ್ನ ಮಾತು ಮುಖ್ಯವಾಗಿ ಹೈಸ್ಕೂಲ್‌ನಲ್ಲಿ ಓದುತ್ತಿರುವವರಿಗೆ ಮತ್ತು ಈಗಷ್ಟೇ ಕಾಲೇಜು ಸೇರಿರುವವರಿಗೆ. ಅಪ್ಪ ಅಮ್ಮನೂ ಪಕ್ಕದಲ್ಲಿ ಕೂತು ಕೇಳಿಸಿಕೊಂಡರೆ ಇನ್ನೂ ಒಳ್ಳೆಯದು. ಯಾಕೆಂದರೆ ಈ ವಿಷಯದಲ್ಲಿ ಜಗಳ ಇರುವುದು ನಿಮಗೂ ಅವರಿಗೂ ನಡುವೆಯೇ.

ಅಟ್ಲಾಂಟಾ ಸುತ್ತಮುತ್ತ ಇರುವ ನಮಗೆಲ್ಲ ಈ ಜಗಳ ಚೆನ್ನಾಗಿ ಗೊತ್ತು. ಜಾರ್ಜಿಯಾದಲ್ಲಿ ಶಾಲೆಗಳು ಆಗಸ್ಟ್ ಮೊದಲ ವಾರದ ಹೊತ್ತಿಗೇ ಶುರುವಾಗಿಬಿಡುತ್ತವೆ. ಫುಟ್‌ಬಾಲ್, ಕ್ರಾಸ್ ಕಂಟ್ರಿ, ಸಾಫ್ಟ್‌ಬಾಲ್, ಮಾರ್ಚಿಂಗ್ ಬ್ಯಾಂಡ್, ಇವುಗಳ ಅಭ್ಯಾಸ ಅದಕ್ಕೂ ಮೊದಲೇ ಆರಂಭ. ಅಂದರೆ ವರ್ಷದಲ್ಲಿ ಮನೆಯಿಂದ ಹೊರಗೆ ಕಾಲಿಡಲು ಬೇಸರವಾಗುವ ದಿನಗಳು ಯಾವುವೋ ಅದೇ ದಿನಗಳಲ್ಲಿ ನೀವು ಮೈದಾನದಲ್ಲಿ ಇರಬೇಕು. ಮನೆಯಲ್ಲಿ ಅಮ್ಮ, "ಈ ಬಿಸಿಲಲ್ಲಿ ಓಡೋದಾ? ಬೇಡವೇ ಬೇಡ. ಕೋಚ್‌ಗೆ ಒಂದು ಇಮೇಲ್ ಬರೀತೀನಿ," ಅನ್ನುತ್ತಾರೆ. ಅಪ್ಪ ಸೋಫಾದಿಂದಲೇ, "ಏನೂ ಆಗಲ್ಲ ಬಿಡು. ನಾವು ರಾಯಚೂರಲ್ಲಿ ಮೇ ತಿಂಗಳಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಕ್ರಿಕೆಟ್ ಆಡ್ತಿದ್ವಿ," ಅನ್ನುತ್ತಾರೆ. ಕೋಚ್ ಮೂರನೆಯ ಮಾತೊಂದನ್ನು ಹೇಳುತ್ತಾರೆ. ನೀವು ಮಧ್ಯದಲ್ಲಿ.

ಮಗಳ ಕ್ರಾಸ್ ಕಂಟ್ರಿ ತಂಡಕ್ಕೆ ನಾಲ್ಕು ವರ್ಷ ನೀರಿನ ಮೇಜು ನೋಡಿಕೊಂಡವಳು ನಾನು. ನಾನು ಓದಿದ್ದು ಕನ್ನಡ ಎಂ.ಎ. ವೈದ್ಯೆ ಅಲ್ಲ. ಆದರೆ ಆ ಮೇಜಿನ ಹಿಂದೆ ನಿಂತುಕೊಂಡು, ಅಥ್ಲೆಟಿಕ್ ಟ್ರೇನರ್‌ಗಳ ಜೊತೆ ಮಾತಾಡಿ, ಆಮೇಲೆ ಮನೆಗೆ ಬಂದು ಓದಿ ಒಂದಿಷ್ಟು ತಿಳಿದುಕೊಂಡೆ. ಅಮ್ಮನ ಮಾತೂ ಪೂರ್ತಿ ಸರಿಯಲ್ಲ, ಅಪ್ಪನ ಮಾತೂ ಪೂರ್ತಿ ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ಆಡಬೇಕು. ಆದರೆ ಕೆಲವು ವಿಷಯಗಳನ್ನು ತಿಳಿದುಕೊಂಡೇ ಆಡಬೇಕು.

ಮೊದಲು ಅಪ್ಪನ ರಾಯಚೂರಿನ ಮಾತನ್ನೇ ತೆಗೆದುಕೊಳ್ಳೋಣ. ನಮ್ಮ ಭಾಷೆಯಲ್ಲಿ ಬಿಸಿಲು ಅಂತ ಒಂದು ಮಾತಿದೆ, ಸೆಕೆ ಅಂತ ಇನ್ನೊಂದು ಮಾತಿದೆ. ನೀವು ಎರಡಕ್ಕೂ 'ಹಾಟ್' ಅನ್ನುತ್ತೀರಿ. ಅಜ್ಜಿ ಹಾಗೆ ಅನ್ನುವುದಿಲ್ಲ. ರಾಯಚೂರು, ಕಲಬುರಗಿ, ಬಳ್ಳಾರಿಯದು ಬಿಸಿಲು: ಒಣ, ಸುಡುವ, ಮುಖಕ್ಕೆ ಝಳ ಹೊಡೆಯುವ ಬಿಸಿಲು. ಮರದ ನೆರಳಿಗೆ ಹೋದರೆ ಸ್ವಲ್ಪ ಜೀವ ಬರುತ್ತದೆ. ಮಂಗಳೂರು, ಉಡುಪಿಯದು ಸೆಕೆ: ಥರ್ಮಾಮೀಟರ್‌ನಲ್ಲಿ ಅಷ್ಟೇನೂ ಇರುವುದಿಲ್ಲ, ಆದರೆ ನೆರಳಿನಲ್ಲಿ ಸುಮ್ಮನೆ ಕೂತರೂ ಮೈಯೆಲ್ಲ ಜಿಗುಟು, ಬೆವರು ಇಳಿಯುತ್ತಲೇ ಇರುತ್ತದೆ, ಆರುವುದೇ ಇಲ್ಲ. ಅಟ್ಲಾಂಟಾದ ಆಗಸ್ಟ್‌ನಲ್ಲಿ ಬಿಸಿಲೂ ಇದೆ, ಆದರೆ ಮುಖ್ಯವಾಗಿ ಇರುವುದು ಸೆಕೆ.

ಆಡುವವರಿಗೆ ಈ ವ್ಯತ್ಯಾಸ ಯಾಕೆ ಅಷ್ಟು ಮುಖ್ಯ? ಓಡುವಾಗ ನಿಮ್ಮ ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಅಥವಾ ಅದಕ್ಕೂ ಕಡಿಮೆ ಮಾತ್ರ ಓಟಕ್ಕೆ ಹೋಗುತ್ತದೆ. ಉಳಿದದ್ದೆಲ್ಲ ಶಾಖ. ಆ ಶಾಖವನ್ನು ಹೊರಗೆ ಹಾಕಲು ದೇಹಕ್ಕೆ ಇರುವ ದೊಡ್ಡ ದಾರಿ ಬೆವರು. ಅದರಲ್ಲೂ ಬೆವರು ಸುರಿದರೆ ಸಾಲದು, ಅದು ಆರಬೇಕು. ಮಣ್ಣಿನ ಮಡಕೆ ನೆನಪಿಸಿಕೊಳ್ಳಿ. ಊರಿಗೆ ಹೋದಾಗ ಅಜ್ಜಿ ಮನೆಯ ಮೂಲೆಯಲ್ಲಿ ನೋಡಿರುತ್ತೀರಿ. ಮಡಕೆಯ ಮೈಯಿಂದ ನೀರು ಜಿನುಗಿ, ಗಾಳಿಗೆ ಆರಿದಾಗ ಒಳಗಿನ ನೀರು ತಣ್ಣಗಾಗುತ್ತದೆ. ಒಣ ಹವೆಯ ಊರಿನಲ್ಲಿ ಮಡಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಕರಾವಳಿಯಲ್ಲಿ ಅಷ್ಟು ಮಾಡುವುದಿಲ್ಲ. ನಿಮ್ಮ ಮೈಯೂ ಹಾಗೇ. ಗಾಳಿಯಲ್ಲೇ ನೀರು ತುಂಬಿಕೊಂಡಿದ್ದರೆ ಬೆವರು ಆರಲು ಜಾಗವಿಲ್ಲ. ಅದು ಸುಮ್ಮನೆ ಹನಿ ಹನಿಯಾಗಿ ನೆಲಕ್ಕೆ ಬೀಳುತ್ತದೆ. ನೀರೂ ಹೋಯಿತು, ಉಪ್ಪೂ ಹೋಯಿತು, ಮೈ ಮಾತ್ರ ತಣ್ಣಗಾಗಲಿಲ್ಲ.

ಅಜ್ಜಿ ಎರಡು ಶಬ್ದಗಳಲ್ಲಿ ಹೇಳುವುದನ್ನು ಒಂದೇ ಅಂಕಿಯಲ್ಲಿ ಹೇಳಲು ಅಮೆರಿಕದ ಸೈನ್ಯದವರು ಒಂದು ಅಳತೆ ಕಂಡುಹಿಡಿದರು. 1950ರ ದಶಕದಲ್ಲಿ ದಕ್ಷಿಣ ಕೆರೊಲಿನಾದ ಪ್ಯಾರಿಸ್ ಐಲ್ಯಾಂಡ್‌ನಲ್ಲಿ ತರಬೇತಿಗೆ ಬಂದ ಮರೀನ್ ಪಡೆಯ ಹುಡುಗರು ಸೆಕೆಗೆ ಕುಸಿದು ಬೀಳುತ್ತಿದ್ದರು. ಆಗ ಹುಟ್ಟಿದ್ದು 'ವೆಟ್ ಬಲ್ಬ್ ಗ್ಲೋಬ್ ಟೆಂಪರೇಚರ್'. ಹೆಸರು ಉದ್ದ, ಆದರೆ ಒಳಗೆ ಇರುವುದು ಮೂರೇ ಥರ್ಮಾಮೀಟರ್. ಒಂದಕ್ಕೆ ಒದ್ದೆ ಬಟ್ಟೆ ಸುತ್ತಿರುತ್ತಾರೆ; ಅದು ಬೆವರು ಎಷ್ಟು ಆರುತ್ತದೆ ಎಂದು ಹೇಳುತ್ತದೆ. ಒಂದನ್ನು ಕಪ್ಪು ಗೋಳದೊಳಗೆ ಇಟ್ಟಿರುತ್ತಾರೆ. ಅದು ನೇರ ಬಿಸಿಲನ್ನು ಹಿಡಿಯುತ್ತದೆ. ಇನ್ನೊಂದು ಮಾಮೂಲಿ ಥರ್ಮಾಮೀಟರ್. ಲೆಕ್ಕ ಹಾಕುವಾಗ ಒದ್ದೆ ಬಟ್ಟೆಯದಕ್ಕೆ ನೂರಕ್ಕೆ 70 ಪಾಲು, ಕಪ್ಪು ಗೋಳಕ್ಕೆ 20 ಪಾಲು, ಮಾಮೂಲಿಯದಕ್ಕೆ ಬರೀ 10 ಪಾಲು. ಅಂದರೆ ನಿಮ್ಮ ಫೋನಿನ ಆ್ಯಪ್ ತೋರಿಸುವ ಅಂಕಿಗೆ ಇಲ್ಲಿ ಹತ್ತನೇ ಒಂದು ಭಾಗದ ಮರ್ಯಾದೆ ಮಾತ್ರ.

ಒಂದು ಲೆಕ್ಕ ಮಾಡಿ ನೋಡೋಣ. ಇದು ಬರೀ ಉದಾಹರಣೆ, ಯಾವುದೇ ದಿನದ ದಾಖಲೆಯಲ್ಲ. ಒಣ ಹವೆಯ ಊರಿನಲ್ಲಿ ಮಾಮೂಲಿ ಥರ್ಮಾಮೀಟರ್ 104 ಡಿಗ್ರಿ ಫ್ಯಾರನ್‌ಹೀಟ್, ಒದ್ದೆ ಬಟ್ಟೆಯದು 72, ಕಪ್ಪು ಗೋಳ 125 ಇದೆ ಎಂದಿಟ್ಟುಕೊಳ್ಳಿ. 50.4, 25, 10.4 ಕೂಡಿಸಿದರೆ 85.8. ಈಗ ನಮ್ಮ ಸೆಕೆಯ ಊರು: ಮಾಮೂಲಿ 95, ಒದ್ದೆ ಬಟ್ಟೆ 81, ಗೋಳ 115. ಕೂಡಿಸಿದರೆ 89.2. ಆ್ಯಪ್ ಪ್ರಕಾರ ಒಣ ಊರು ಒಂಬತ್ತು ಡಿಗ್ರಿ ಹೆಚ್ಚು ಬಿಸಿ. ಆದರೆ ಓಡುವ ಮೈಗೆ ಸೆಕೆಯ ಊರೇ ಹೆಚ್ಚು ಕಷ್ಟ. ಅಪ್ಪ ರಾಯಚೂರಿನಲ್ಲಿ ಆಡಿದ್ದು ಸುಳ್ಳಲ್ಲ. ಆ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ, ಅಷ್ಟೇ. ಅಲ್ಲದೆ ಅವರು ಬ್ಯಾಟಿಂಗ್ ಸರದಿ ಬರುವ ತನಕ ಬೇವಿನ ಮರದ ಕೆಳಗೆ ಕೂತಿರುತ್ತಿದ್ದರು, ಸುಸ್ತಾದರೆ ಮನೆಗೆ ಹೋಗುತ್ತಿದ್ದರು. ತಲೆಗೆ ಹೆಲ್ಮೆಟ್, ಭುಜಕ್ಕೆ ಪ್ಯಾಡ್ ಕಟ್ಟಿಕೊಂಡು, ಶಿಳ್ಳೆ ಊದುವವರ ಮುಂದೆ ಓಡುತ್ತಿರಲಿಲ್ಲ.

ಜಾರ್ಜಿಯಾ ಹೈಸ್ಕೂಲ್ ಅಸೋಸಿಯೇಷನ್ 2012ರಲ್ಲಿ ಈ ಅಳತೆಯನ್ನೇ ಹಿಡಿದು ನಿಯಮ ಮಾಡಿತು. ಅದಕ್ಕೂ ಮುಂಚಿನ ವರ್ಷಗಳಲ್ಲಿ ಈ ರಾಜ್ಯದ ಹೈಸ್ಕೂಲ್ ಫುಟ್‌ಬಾಲ್ ಹುಡುಗರು ಸೆಕೆಗೆ ಪ್ರಾಣ ಕಳೆದುಕೊಂಡಿದ್ದರು. ನಿಯಮ ಹೀಗಿದೆ. ಅಳತೆ 82ಕ್ಕಿಂತ ಕಡಿಮೆ ಇದ್ದರೆ ಎಂದಿನಂತೆ ಅಭ್ಯಾಸ, ನಡುನಡುವೆ ವಿರಾಮ. 82ರಿಂದ 86.9 ಇದ್ದರೆ ಎಚ್ಚರ, ವಿರಾಮ ಜಾಸ್ತಿ. 87ರಿಂದ 89.9 ಇದ್ದರೆ ಎರಡು ಗಂಟೆಗಿಂತ ಹೆಚ್ಚು ಅಭ್ಯಾಸವಿಲ್ಲ. 90ರಿಂದ 92 ಇದ್ದರೆ ಒಂದೇ ಗಂಟೆ; ಹೆಲ್ಮೆಟ್ ಪ್ಯಾಡ್ ಯಾವುದೂ ಹಾಕುವ ಹಾಗಿಲ್ಲ, ಕಂಡೀಷನಿಂಗ್ ಓಟ ಓಡಿಸುವ ಹಾಗಿಲ್ಲ, ಆ ಒಂದು ಗಂಟೆಯಲ್ಲೇ 20 ನಿಮಿಷ ವಿಶ್ರಾಂತಿ ಕೊಡಬೇಕು. 92 ದಾಟಿದರೆ ಹೊರಗೆ ಅಭ್ಯಾಸವೇ ಇಲ್ಲ. ಇಲ್ಲಿ ಒಂದು ಗೊಂದಲ ಆಗುತ್ತದೆ. ಆ್ಯಪ್‌ನಲ್ಲಿ 92 ಕಂಡರೆ ಅದು ಅಟ್ಲಾಂಟಾದ ಮಾಮೂಲಿ ದಿನ. ಈ ಅಳತೆಯಲ್ಲಿ 92 ಅಂದರೆ ಅಪಾಯ. 'ಹೀಟ್ ಇಂಡೆಕ್ಸ್' ಅನ್ನುವುದೂ ಬೇರೆಯೇ. ಅದನ್ನು ನೆರಳಿನ ಲೆಕ್ಕದಲ್ಲಿ ಮಾಡಿರುತ್ತಾರೆ, ನೀವು ಆಡುವುದು ನೆರಳಿನಲ್ಲಲ್ಲ.

ಹಾಗಾಗಿ ಅಮ್ಮ ಕೋಚ್‌ಗೆ ಬರೆಯುವ ಇಮೇಲ್‌ನಲ್ಲಿ "ನನ್ನ ಮಗಳನ್ನು ಬಿಸಿಲಲ್ಲಿ ಓಡಿಸಬೇಡಿ" ಅನ್ನುವ ಬದಲು ಒಂದೇ ಪ್ರಶ್ನೆ ಇರಲಿ: "ಪ್ರಾಕ್ಟೀಸ್ ಶುರುವಾಗುವ ಮೊದಲು ಮೈದಾನದಲ್ಲಿ ಈ ಅಳತೆ ತೆಗೆಯುವವರು ಯಾರು?" ಒಳ್ಳೆಯ ಕೋಚ್‌ಗೆ ಈ ಪ್ರಶ್ನೆ ಕೇಳಿದರೆ ಬೇಸರವಾಗುವುದಿಲ್ಲ. ಬೇಸರವಾದರೆ ಅದೂ ಒಂದು ಉತ್ತರವೇ.

ನಿಯಮ ಕಾಗದದ ಮೇಲೆ ಇದ್ದರೆ ಸಾಲದು. 2019ರ ಆಗಸ್ಟ್‌ನಲ್ಲಿ ಅಟ್ಲಾಂಟಾದ ದಕ್ಷಿಣಕ್ಕಿರುವ ಕೌಂಟಿಯೊಂದರಲ್ಲಿ 16 ವರ್ಷದ ಹುಡುಗಿಯೊಬ್ಬಳು ಹೊರಗೆ ನಡೆದ ಕಂಡೀಷನಿಂಗ್‌ನಲ್ಲಿ ಕುಸಿದುಬಿದ್ದು ತೀರಿಕೊಂಡಳು. ಅವಳು ಆಡುತ್ತಿದ್ದದ್ದು ಫುಟ್‌ಬಾಲ್ ಅಲ್ಲ, ಬ್ಯಾಸ್ಕೆಟ್‌ಬಾಲ್, ಒಳಾಂಗಣದ ಆಟ. ಸೆಕೆ ಅಂದರೆ ಫುಟ್‌ಬಾಲ್ ಹುಡುಗರ ತಲೆನೋವು ಎಂದು ಉಳಿದವರು ಅಂದುಕೊಳ್ಳುವುದಿದೆಯಲ್ಲ, ಅದು ತಪ್ಪು. ಮಾರ್ಚಿಂಗ್ ಬ್ಯಾಂಡ್‌ನವರಿಗೆ ವಿಶೇಷವಾಗಿ ಹೇಳುತ್ತೇನೆ: ಟಾರ್ ಹಾಕಿದ ಪಾರ್ಕಿಂಗ್ ಜಾಗದಲ್ಲಿ ಸೂಸಾಫೋನ್ ಹೊತ್ತು ಮೂರು ಗಂಟೆ ನಡೆಯುವುದು ಆಟಕ್ಕಿಂತ ಕಡಿಮೆಯದೇನಲ್ಲ. ಆಟಗಳ ನಿಯಮ ತನ್ನಿಂದ ತಾನೇ ಬ್ಯಾಂಡ್‌ಗೂ ಅನ್ವಯಿಸುತ್ತದೆ ಎಂದುಕೊಳ್ಳಬೇಡಿ, ನಿಮ್ಮ ಬ್ಯಾಂಡ್ ಡೈರೆಕ್ಟರ್ ಅವರನ್ನು ಕೇಳಿ. ವಾರಾಂತ್ಯದಲ್ಲಿ ನಮ್ಮವರೇ ನಡೆಸುವ ಕ್ರಿಕೆಟ್ ಪಂದ್ಯಗಳಲ್ಲಂತೂ ಅಳತೆ ತೆಗೆಯುವವರನ್ನು ನಾನು ಒಬ್ಬರನ್ನೂ ನೋಡಿಲ್ಲ. ಬಿರಿಯಾನಿ ಎಷ್ಟು ಟ್ರೇ ಎಂಬ ಲೆಕ್ಕ ಮಾತ್ರ ಪಕ್ಕಾ ಇರುತ್ತದೆ.

ಈಗ ಅಮ್ಮಂದಿರ ಕಡೆಯ ವಾದ. "ದೊಡ್ಡವರಾದರೆ ತಡಕೊಳ್ಳಬಹುದು, ಮಕ್ಕಳ ಮೈ ತಡೆಯಲ್ಲ." ಇದು ಬರೀ ಅಮ್ಮಂದಿರ ಹೆದರಿಕೆ ಅಲ್ಲ, ವೈದ್ಯರೂ ಬಹಳ ಕಾಲ ಹಾಗೇ ನಂಬಿದ್ದರು. ಮಕ್ಕಳು ಕಡಿಮೆ ಬೆವರುತ್ತಾರೆ, ಅವರ ಮೈ ಬೇಗ ಕಾಯುತ್ತದೆ ಎಂದು ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಕೂಡ ಹೇಳುತ್ತಿತ್ತು. 2011ರಲ್ಲಿ ಅವರು ಆ ಮಾತನ್ನು ತಿದ್ದಿಕೊಂಡರು. ನೀರು ಸರಿಯಾಗಿ ಕುಡಿದಿರುವ ಆರೋಗ್ಯವಂತ ಮಕ್ಕಳು ಸೆಕೆಯನ್ನು ನಿಭಾಯಿಸುವುದರಲ್ಲಿ ದೊಡ್ಡವರಿಗಿಂತ ಹಿಂದೆ ಇಲ್ಲ, ತಕ್ಕ ಎಚ್ಚರಿಕೆ ತೆಗೆದುಕೊಂಡರೆ ಅವರು ಹೊರಗೆ ಆಡಬಹುದು ಎಂದರು. ಹಾಗಾದರೆ ಮಕ್ಕಳು ಕುಸಿಯುವುದು ಯಾಕೆ? ಅವರು ಹೇಳುವ ಕಾರಣಗಳಲ್ಲಿ ಹೆಚ್ಚಿನವು ದೊಡ್ಡವರು ತಪ್ಪಿಸಬಹುದಾದವು. ಅಳತೆ ಮೀರಿ ಓಡಿಸುವುದು, ಎರಡು ಅಭ್ಯಾಸಗಳ ನಡುವೆ ಸಾಕಷ್ಟು ಬಿಡುವು ಕೊಡದಿರುವುದು, ಗಾಳಿಯಾಡದ ಬಟ್ಟೆ ಮತ್ತು ಪ್ಯಾಡ್, ನೀರಿನ ಕೊರತೆ, ಇತ್ತೀಚೆಗೆ ಬಂದುಹೋದ ಜ್ವರ ಅಥವಾ ಭೇದಿ. ನನಗೆ ಇದು ತುಂಬ ಮುಖ್ಯ ಅನ್ನಿಸುತ್ತದೆ. ತೊಂದರೆ ನಿಮ್ಮ ಮೈಯಲ್ಲಿಲ್ಲ, ನಿಮ್ಮನ್ನು ಆಡಿಸುವ ಕ್ರಮದಲ್ಲಿದೆ.

ಅಮ್ಮಂದಿರು ಬಾಯಿಬಿಟ್ಟು ಹೇಳದ, ಕೆಲವೊಮ್ಮೆ ಬಾಯಿಬಿಟ್ಟೇ ಹೇಳುವ ಇನ್ನೊಂದು ಕಾರಣವೂ ಇದೆ: "ಬಿಸಿಲಿಗೆ ಹೋದ್ರೆ ಕಪ್ಪಾಗ್ತೀಯ." ಇದನ್ನು ಹುಡುಗಿಯರಿಗೇ ಹೆಚ್ಚಾಗಿ ಹೇಳುತ್ತೇವೆ. ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ, ಟೊಪ್ಪಿ ಹಾಕಿಕೊಳ್ಳಿ, ಅದು ಆರೋಗ್ಯದ ವಿಷಯ. ಬಣ್ಣದ ವಿಷಯಕ್ಕೆ ಯಾರೂ ಆಟ ಬಿಡಬೇಡಿ. ಅಷ್ಟು ಹೇಳಿ ಮುಂದೆ ಹೋಗುತ್ತೇನೆ.

ನಿಮ್ಮಲ್ಲೇ ಹಲವರಿಗೆ ಇರುವ ಒಂದು ತಪ್ಪು ತಿಳುವಳಿಕೆ ನನಗೆ ಇದಕ್ಕಿಂತ ಹೆಚ್ಚು ಹೆದರಿಕೆ ತರುತ್ತದೆ. "ನಾವು ಇಂಡಿಯನ್ಸ್, ಆಂಟಿ. ಸೆಕೆ ನಮ್ಮ ರಕ್ತದಲ್ಲೇ ಇದೆ." ಇಲ್ಲಪ್ಪ, ಇಲ್ಲ. ಸೆಕೆಗೆ ಒಗ್ಗಿಕೊಳ್ಳುವುದು ರಕ್ತದಿಂದ ಬರುವುದಿಲ್ಲ, ಅಭ್ಯಾಸದಿಂದ ಬರುತ್ತದೆ. ದಿನವೂ ಸ್ವಲ್ಪ ಸ್ವಲ್ಪ ಹೊತ್ತು ಸೆಕೆಯಲ್ಲಿ ಮೈ ದಣಿಸಿದರೆ ಮೊದಲ ನಾಲ್ಕೈದು ದಿನಗಳಲ್ಲಿ ರಕ್ತದಲ್ಲಿನ ನೀರಿನಂಶ ಹೆಚ್ಚುತ್ತದೆ, ಅದರಿಂದ ಅದೇ ಓಟಕ್ಕೆ ಹೃದಯ ಅಷ್ಟು ಜೋರಾಗಿ ಬಡಿದುಕೊಳ್ಳಬೇಕಾಗಿಲ್ಲ. ಆಮೇಲೆ ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಇದೆಲ್ಲ ಆಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಮತ್ತೆ ಎ.ಸಿ.ಯಲ್ಲಿ ಮೂರು ವಾರ ಕೂತರೆ ಬಹುಪಾಲು ಕಳೆದೂ ಹೋಗುತ್ತದೆ. ಪಾಸ್‌ಪೋರ್ಟ್ ಯಾವ ಬಣ್ಣದ್ದು ಎಂದು ಬೆವರಿನ ಗ್ರಂಥಿ ಕೇಳುವುದಿಲ್ಲ.

ಈ ಹದಿನಾಲ್ಕು ದಿನದ ಲೆಕ್ಕ ನಮ್ಮ ಮನೆಗಳಲ್ಲಿ ಎಲ್ಲಿ ತಪ್ಪುತ್ತದೆ ಗೊತ್ತೇ? ಬೇಸಿಗೆ ರಜೆಯ ಇಂಡಿಯಾ ಪ್ರವಾಸದಲ್ಲಿ. ಜೂನ್ ಮಧ್ಯದಲ್ಲಿ ಹೋಗುತ್ತೀರಿ, ಜುಲೈ ಕೊನೆಗೆ ವಾಪಸ್. ಇಂಡಿಯಾದಲ್ಲಿ ಸೆಕೆ ಇರುತ್ತದಲ್ಲ, ಮೈ ಒಗ್ಗಿರುತ್ತದೆ ಎಂದು ಇಲ್ಲಿಯ ಕೋಚ್ ಅಂದುಕೊಳ್ಳಬಹುದು. ನಿಜವೇನು? ಆ ಹೊತ್ತಿಗೆ ಅಲ್ಲಿ ಮಳೆಗಾಲ. ಬೆಂಗಳೂರಿನಲ್ಲಿ ಜುಲೈ ತಿಂಗಳ ಹಗಲಿನ ಗರಿಷ್ಠ ತಾಪ ಸಾಮಾನ್ಯವಾಗಿ 28 ಡಿಗ್ರಿ ಸೆಲ್ಸಿಯಸ್ ಆಸುಪಾಸು, ನಿಮ್ಮ ಲೆಕ್ಕದಲ್ಲಿ 82 ಫ್ಯಾರನ್‌ಹೀಟ್. ಶಿರಸಿ, ತೀರ್ಥಹಳ್ಳಿ ಕಡೆ ಹೋದವರಂತೂ ಸ್ವೆಟರ್ ಹಾಕಿಕೊಂಡು ಹಪ್ಪಳ ತಿಂದು ಬಂದಿರುತ್ತೀರಿ. ಬಂದವರಿಗೆ ಜೆಟ್ ಲ್ಯಾಗ್, ರಾತ್ರಿ ಎರಡು ಗಂಟೆಗೆ ಎಚ್ಚರ. ಹೊಟ್ಟೆ ಕೆಟ್ಟಿದ್ದರೆ ಮೈಯಲ್ಲಿ ನೀರೂ ಕಡಿಮೆ. ಅಂಥವರು ವಿಮಾನ ಇಳಿದ ಮೂರನೆಯ ದಿನ, ಆರು ವಾರದಿಂದ ಅಟ್ಲಾಂಟಾದಲ್ಲೇ ಓಡುತ್ತಿರುವವರ ಪಕ್ಕ ನಿಂತು ಅವರಷ್ಟೇ ವೇಗದಲ್ಲಿ ಓಡಲು ಹೊರಡುತ್ತೀರಿ, ತಂಡದಲ್ಲಿ ಜಾಗ ಹೋಗುತ್ತದೆಂಬ ಭಯಕ್ಕೆ. ನಿದ್ದೆಗೇಡು, ಹೊಟ್ಟೆ ಕೆಟ್ಟಿರುವುದು, ಒಗ್ಗದ ಮೈ: ವೈದ್ಯರು ಪಟ್ಟಿ ಮಾಡುವ ಅಪಾಯದ ಕಾರಣಗಳಲ್ಲಿ ಮೂರು ಒಟ್ಟಿಗೇ ಬಂದವು.

ಇದಕ್ಕೆ ಪರಿಹಾರ ಇದೆ, ಕಷ್ಟವೂ ಅಲ್ಲ. ಟಿಕೆಟ್ ತೆಗೆಯುವ ಮೊದಲೇ ಪ್ರಾಕ್ಟೀಸ್ ಶುರುವಾಗುವ ದಿನಾಂಕವನ್ನು ಅಪ್ಪನಿಗೆ ಹೇಳಿ, ಅದಕ್ಕೆ ಎರಡು ವಾರ ಮುಂಚೆ ವಾಪಸ್ ಬರುವಂತೆ ಮಾಡಿ. ಆಗದಿದ್ದರೆ ಕೋಚ್‌ಗೆ ಮತ್ತು ಅಥ್ಲೆಟಿಕ್ ಟ್ರೇನರ್‌ಗೆ ಹೊರಡುವ ಮೊದಲೇ ತಿಳಿಸಿ: "ನಾನು ಆರು ವಾರ ತಂಪು ಊರಿನಲ್ಲಿದ್ದೆ. ನನಗೆ ಒಗ್ಗಿಕೊಳ್ಳುವ ದಿನಗಳು ಮೊದಲಿನಿಂದ ಬೇಕು." ಇದು ವಿಶೇಷ ರಿಯಾಯಿತಿ ಕೇಳಿದ ಹಾಗಲ್ಲ. ಅಥ್ಲೆಟಿಕ್ ಟ್ರೇನರ್‌ಗಳ ರಾಷ್ಟ್ರೀಯ ಸಂಘ 2009ರಲ್ಲಿ ಹೈಸ್ಕೂಲ್‌ಗಳಿಗಾಗಿ ಹೊರಡಿಸಿದ ಮಾರ್ಗಸೂಚಿಯಲ್ಲೇ ಹದಿನಾಲ್ಕು ದಿನದ ಕ್ರಮ ಇದೆ. ಮೊದಲ ಐದು ದಿನ ದಿನಕ್ಕೆ ಒಂದೇ ಅಭ್ಯಾಸ. ಫುಟ್‌ಬಾಲ್‌ನವರಾದರೆ ಮೊದಲ ಎರಡು ದಿನ ಹೆಲ್ಮೆಟ್ ಮಾತ್ರ, ಮೂರನೆಯ ದಿನದಿಂದ ಭುಜದ ಪ್ಯಾಡ್, ಪೂರ್ತಿ ಸಜ್ಜು ಆರನೆಯ ದಿನದಿಂದ. ತಡವಾಗಿ ಸೇರಿದವರಿಗೆ ಆ ಎಣಿಕೆ ಅವರು ಸೇರಿದ ದಿನದಿಂದ ಶುರು, ತಂಡದ ಮೊದಲ ದಿನದಿಂದಲ್ಲ.

ನೀರಿನ ವಿಷಯಕ್ಕೆ ಬರೋಣ, ಅದು ನನ್ನ ಮೇಜಿನ ವಿಷಯ. ಹಿಂದೆ ಕೋಚ್‌ಗಳು ನೀರು ಕೊಡದೆ ಓಡಿಸಿ ಅದಕ್ಕೆ ಗಟ್ಟಿತನ ಎಂದು ಹೆಸರಿಡುತ್ತಿದ್ದರು. ಅದು ಹೋಯಿತು, ಒಳ್ಳೆಯದಾಯಿತು. ಆದರೆ ನೀರು ಕುಡಿದರೆ ಸಾಕು, ಏನೂ ಆಗುವುದಿಲ್ಲ ಎಂಬ ನಂಬಿಕೆ ಈಗ ಬಂದಿದೆ, ಅದೂ ಸರಿಯಲ್ಲ. ನೀರು ತುಂಬ ಕುಡಿದವರಿಗೂ ಹೀಟ್ ಸ್ಟ್ರೋಕ್ ಆಗುತ್ತದೆ, ಏಕೆಂದರೆ ಒಳಗೆ ಹುಟ್ಟುವ ಶಾಖ ಹೊರಗೆ ಹೋಗುವ ಶಾಖಕ್ಕಿಂತ ಹೆಚ್ಚಾದಾಗ ಮೈ ಕಾಯುತ್ತಲೇ ಹೋಗುತ್ತದೆ. ಅತಿಯಾಗಿ ಕುಡಿಯುವುದೂ ಅಪಾಯ. 2014ರಲ್ಲಿ ಇದೇ ಜಾರ್ಜಿಯಾದಲ್ಲಿ ಒಬ್ಬ ಹೈಸ್ಕೂಲ್ ಫುಟ್‌ಬಾಲ್ ಹುಡುಗ ಸ್ನಾಯು ಸೆಳೆತ ಬಾರದಿರಲೆಂದು ಗ್ಯಾಲನ್‌ಗಟ್ಟಲೆ ನೀರು ಮತ್ತು ಗೇಟೊರೇಡ್ ಕುಡಿದು, ರಕ್ತದ ಸೋಡಿಯಂ ಕುಸಿದು, ಮೆದುಳು ಊದಿಕೊಂಡು ತೀರಿಕೊಂಡ. ಬಾಯಾರಿಕೆಗೆ ತಕ್ಕಂತೆ ಕುಡಿಯಿರಿ, ವಿರಾಮ ಕೊಟ್ಟಾಗಲೆಲ್ಲ ಒಂದಿಷ್ಟು ಕುಡಿಯಿರಿ. ಬೆಳಿಗ್ಗೆ ಮೂತ್ರ ತಿಳಿ ನಿಂಬೆರಸದ ಬಣ್ಣ ಇದ್ದರೆ ಸರಿ, ಆ್ಯಪಲ್ ಜ್ಯೂಸ್ ಬಣ್ಣ ಇದ್ದರೆ ನೀರು ಸಾಲದು.

ಅಜ್ಜಿಯ ನೀರು ಮಜ್ಜಿಗೆಗೆ ಚಿಟಿಕೆ ಉಪ್ಪು ಹಾಕಿ ಅಭ್ಯಾಸ ಮುಗಿದ ಮೇಲೆ ಕುಡಿದರೆ ಬೆವರಿನಲ್ಲಿ ಹೋದ ನೀರೂ ಉಪ್ಪೂ ಸ್ವಲ್ಪ ವಾಪಸ್ ಬರುತ್ತವೆ. ನಾನು ಒಮ್ಮೆ ಮೇಜಿನ ಮೇಲೆ ಬೆಲ್ಲ, ನಿಂಬೆಹಣ್ಣಿನ ಪಾನಕವನ್ನೂ ಇಟ್ಟಿದ್ದೆ. ಏಲಕ್ಕಿ ವಾಸನೆಗೆ ಮೊದಲು ಮುಖ ಹಿಂಡಿದ ಹುಡುಗರು ಆಮೇಲೆ ಎರಡೆರಡು ಲೋಟ ಕುಡಿದರು. ಶ್ರಾವಣ ಶನಿವಾರವೋ ಏಕಾದಶಿಯೋ ರಂಜಾನ್ ಉಪವಾಸವೋ ಮಾಡುವವರು ಆ ದಿನ ಟ್ರೇನರ್‌ಗೆ ಹೇಳಿ. ಅಲರ್ಜಿಗೆ ಅಥವಾ ಎ.ಡಿ.ಎಚ್.ಡಿ.ಗೆ ಮಾತ್ರೆ ತೆಗೆದುಕೊಳ್ಳುವವರೂ ಹೇಳಿ, ಅವುಗಳಲ್ಲಿ ಕೆಲವು ಮೈ ತಣಿಯುವುದಕ್ಕೆ ಅಡ್ಡ ಬರುತ್ತವೆ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ತಿಳಿಸಿದರೆ ಸಾಕು.

ಈಗ ಅತಿ ಮುಖ್ಯವಾದ ಭಾಗ. ಇಷ್ಟೆಲ್ಲ ಆದಮೇಲೂ ಒಬ್ಬರು ಕುಸಿಯಬಹುದು. ಆಗ ಏನು ಮಾಡುತ್ತೀರಿ?

ಸುಸ್ತು, ತಲೆನೋವು, ವಾಕರಿಕೆ, ಕಾಲು ಸೆಳೆತ ಇವಕ್ಕೆಲ್ಲ ನೆರಳು, ವಿಶ್ರಾಂತಿ, ನೀರು ಸಾಕಾಗಬಹುದು. ಹೀಟ್ ಸ್ಟ್ರೋಕ್ ಬೇರೆ. ಅಲ್ಲಿ ದೇಹದ ಒಳಗಿನ ತಾಪ 104 ದಾಟಿರುತ್ತದೆ ಮತ್ತು ಮೆದುಳು ಕೈಕೊಡಲು ಶುರುಮಾಡಿರುತ್ತದೆ. ಚರ್ಮ ಒಣಗಿದ್ದರೆ ಮಾತ್ರ ಹೀಟ್ ಸ್ಟ್ರೋಕ್ ಎಂದು ಹಳೆಯ ಪುಸ್ತಕಗಳಲ್ಲಿ ಇರುತ್ತದೆ. ಅದು ಸಾಮಾನ್ಯವಾಗಿ ಸೆಕೆಯಲ್ಲಿ ಕೂತಲ್ಲೇ ಕೂತ ವೃದ್ಧರ ಲಕ್ಷಣ. ಓಡುತ್ತಾ ಬಿದ್ದವರ ಮೈ ಬೆವರಿನಿಂದ ತೊಯ್ದಿರಬಹುದು. ಆದ್ದರಿಂದ ನೋಡಬೇಕಾದದ್ದು ಚರ್ಮವನ್ನಲ್ಲ, ನಡವಳಿಕೆಯನ್ನು. ಅಸಂಬದ್ಧ ಮಾತು, ಇದ್ದಕ್ಕಿದ್ದ ಹಾಗೆ ಸಿಟ್ಟು, ತೂರಾಡುವ ನಡಿಗೆ, ಯಾವ ಕಡೆ ಓಡಬೇಕೆಂಬುದೇ ಮರೆತುಹೋಗುವುದು. "ಕೋಚ್ ಹೆಸರೇನು? ಇವತ್ತು ಯಾವ ವಾರ?" ಎಂದು ಕೇಳಿ. ಉತ್ತರ ತಡವರಿಸಿದರೆ ಕಾಯಬೇಡಿ.

911ಕ್ಕೆ ಕರೆ ಮಾಡಿ, ಆದರೆ ಆಂಬುಲೆನ್ಸ್ ಬರುವವರೆಗೆ ಕೈಕಟ್ಟಿ ನಿಲ್ಲಬೇಡಿ. ಇಲ್ಲಿ ಅಥ್ಲೆಟಿಕ್ ಟ್ರೇನರ್‌ಗಳ ಸೂತ್ರ ಒಂದೇ: ಮೊದಲು ತಣಿಸು, ಆಮೇಲೆ ಸಾಗಿಸು. ದೊಡ್ಡ ಟಬ್‌ನಲ್ಲಿ ಐಸ್ ನೀರು ತುಂಬಿ, ಕುತ್ತಿಗೆಯವರೆಗೆ ಮುಳುಗಿಸಿ, ತಲೆ ಮುಳುಗದಂತೆ ಕಂಕುಳ ಕೆಳಗೆ ಹಿಡಿದುಕೊಂಡು, ನೀರನ್ನು ಕಲಕುತ್ತಿರಬೇಕು. ಕುಸಿದ ಅರ್ಧ ಗಂಟೆಯೊಳಗೆ ಒಳಗಿನ ತಾಪ ಇಳಿಸಿದರೆ ಬದುಕುತ್ತಾರೆ. ಮ್ಯಾಸಚೂಸೆಟ್ಸ್‌ನ ಫಾಲ್ಮತ್‌ನಲ್ಲಿ ಪ್ರತಿ ಆಗಸ್ಟ್‌ನಲ್ಲಿ ಏಳು ಮೈಲಿ ಓಟ ನಡೆಯುತ್ತದೆ. ಅಲ್ಲಿಯ ಹದಿನೆಂಟು ವರ್ಷಗಳ ದಾಖಲೆಯನ್ನು ಸಂಶೋಧಕರು ನೋಡಿದಾಗ 274 ಮಂದಿಗೆ ಹೀಟ್ ಸ್ಟ್ರೋಕ್ ಆಗಿತ್ತು. ಅವರನ್ನು ಅಲ್ಲೇ ಐಸ್ ನೀರಿನ ಟಬ್‌ನಲ್ಲಿ ತಣಿಸಿದ್ದರು. 274 ಮಂದಿಯೂ ಉಳಿದರು. ಇನ್ನೊಂದು ಕಡೆ, ಮಿನೆಸೋಟ ವೈಕಿಂಗ್ಸ್ ತಂಡದ ಕೋರಿ ಸ್ಟ್ರಿಂಗರ್ 2001ರ ಆಗಸ್ಟ್ 1ರಂದು 27ನೇ ವಯಸ್ಸಿನಲ್ಲಿ ತೀರಿಕೊಂಡರು. ಕೋಟಿಗಟ್ಟಲೆ ದುಡ್ಡಿನ ವೃತ್ತಿಪರ ತಂಡದಲ್ಲಿದ್ದವರು. ಅವರ ಹೆಸರಿನಲ್ಲೇ ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ 2010ರಿಂದ ಒಂದು ಸಂಸ್ಥೆ ಈ ವಿಷಯದಲ್ಲಿ ಕೆಲಸ ಮಾಡುತ್ತಿದೆ. ಫ್ಲಾರಿಡಾದಲ್ಲಿ 16 ವರ್ಷದ ಹುಡುಗನೊಬ್ಬ 2017ರಲ್ಲಿ ಅಭ್ಯಾಸದ ವೇಳೆ ಕುಸಿದು ತೀರಿಕೊಂಡ ಮೇಲೆ, 2020ರಲ್ಲಿ ಅವನ ಹೆಸರಿನ ಜಾಕರಿ ಮಾರ್ಟಿನ್ ಕಾಯ್ದೆ ಬಂತು. ಅಲ್ಲಿಯ ಶಾಲೆಗಳು ಮೈದಾನದ ಬಳಿ ಟಬ್ ಇಡುವುದು ಕಡ್ಡಾಯವಾಯಿತು. ದೊಡ್ಡ ಯಂತ್ರವೇನಲ್ಲ, ದನಕ್ಕೆ ನೀರು ಕುಡಿಸುವ ಪ್ಲಾಸ್ಟಿಕ್ ತೊಟ್ಟಿ ಸಾಕು.

ನಮ್ಮ ಮನೆಗಳಲ್ಲಿ ಇಲ್ಲಿ ಎರಡು ನಂಬಿಕೆಗಳು ಅಡ್ಡ ಬರುತ್ತವೆ. "ಬೆವರಿದ ಮೈಗೆ ತಣ್ಣೀರು ಹಾಕಬೇಡ, ಶೀತ ಆಗುತ್ತೆ" ಎಂಬುದು ಒಂದು. ಹೀಟ್ ಸ್ಟ್ರೋಕ್ ಆದವರಿಗೆ ತಣ್ಣೀರೇ ಔಷಧ, ಎಷ್ಟು ತಣ್ಣಗಿದ್ದರೆ ಅಷ್ಟು ಒಳ್ಳೆಯದು. ಎರಡನೆಯದು, "ಮೈ ಸುಡುತ್ತಿದೆ, ಒಂದು ಟೈಲೆನಾಲ್ ಕೊಡು." ಇದು ಜ್ವರ ಅಲ್ಲ. ಜ್ವರದ ಮಾತ್ರೆ ಇಲ್ಲಿ ಕೆಲಸ ಮಾಡುವುದಿಲ್ಲ, ಕೆಟ್ಟದ್ದನ್ನೂ ಮಾಡಬಹುದು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ಮಜ್ಜಿಗೆಯನ್ನಾಗಲಿ, ಎಳನೀರನ್ನಾಗಲಿ ಸುರಿಯಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಇನ್ನು ನಿಮ್ಮ ಬಾಯಿಂದ ಬರಬೇಕಾದ ಮಾತು. ಸೆಕೆಗೆ ಕುಸಿಯುವವರು ಸೋಮಾರಿಗಳಲ್ಲ. ನನ್ನ ಮೇಜಿನಿಂದ ನಾನು ಕಂಡದ್ದೂ ಅದೇ: ಬಿಸಿಲಿಗೆ ಹೆಚ್ಚು ತೊಂದರೆ ಪಡುತ್ತಿದ್ದವರು ಕೊನೆಯವರೆಗೆ ನಿಲ್ಲದವರು, "ಐ ಯಾಮ್ ಫೈನ್" ಅನ್ನುವವರು. ನಮ್ಮ ಮಕ್ಕಳಲ್ಲಿ ಈ ಸ್ವಭಾವ ಜಾಸ್ತಿ. ಹಿರಿಯರ ಎದುರು ಇಲ್ಲ ಅನ್ನಬಾರದು ಎಂದು ನಾವೇ ಕಲಿಸಿದ್ದೇವೆ. ಜೊತೆಗೆ, ಕೋಚ್‌ಗೆ ದುರ್ಬಲ ಎಂದು ಕಾಣಬಾರದು, ಮನೆಗೆ ಹೇಳಿದರೆ ಅಮ್ಮ ಆಟವನ್ನೇ ಬಿಡಿಸುತ್ತಾರೆ ಎಂಬ ಎರಡು ಭಯ. ಅಮ್ಮಂದಿರಿಗೆ ನಾನು ಕೇಳಿಕೊಳ್ಳುವುದು ಇಷ್ಟೇ: ಮಗು ಬಂದು "ಇವತ್ತು ತಲೆ ಸುತ್ತಿತು" ಅಂದರೆ "ನಾನು ಮೊದಲೇ ಹೇಳಿರಲಿಲ್ವಾ" ಅನ್ನಬೇಡಿ. ಹಾಗೆ ಅಂದರೆ ಮುಂದಿನ ಸಲ ಹೇಳುವುದಿಲ್ಲ.

ಮೈದಾನದಲ್ಲಿ ನೀವು ಕೇಳಬೇಡಿ, ಹೇಳಿ. "ಸ್ವಲ್ಪ ನಿಲ್ಲಬಹುದಾ?" ಎಂದರೆ "ಇನ್ನೊಂದು ಸುತ್ತು" ಎಂಬ ಉತ್ತರ ಬರಬಹುದು. "ಕೋಚ್, ತಲೆ ಸುತ್ತುತ್ತಿದೆ, ನಾನು ನಿಲ್ಲಿಸುತ್ತಿದ್ದೇನೆ" ಎಂದು ಹೇಳಿ ನೆರಳಿಗೆ ಹೋಗಿ. ಇದರಲ್ಲಿ ಅಗೌರವ ಏನೂ ಇಲ್ಲ. ಆದರೆ ಇದಕ್ಕೂ ಒಂದು ಮಿತಿ ಇದೆ. ಮೆದುಳು ಕಾದವರಿಗೆ ತಾವು ಕಾದಿದ್ದೇವೆಂದು ಗೊತ್ತಾಗುವುದಿಲ್ಲ. ಆದ್ದರಿಂದ ಅಭ್ಯಾಸಕ್ಕೆ ಮುಂಚೆ ಜೋಡಿ ಮಾಡಿಕೊಳ್ಳಿ. ಅವಳು ನಿಮ್ಮನ್ನು ನೋಡಿಕೊಳ್ಳಲಿ, ನೀವು ಅವಳನ್ನು. "ಅವಳು ಎಂದಿನ ಹಾಗೆ ಇಲ್ಲ" ಎಂದು ಟ್ರೇನರ್‌ಗೆ ಮೊದಲು ಹೇಳಬೇಕಾದವರು ನೀವೇ, ಏಕೆಂದರೆ ಅವಳು ಎಂದಿನಂತೆ ಹೇಗಿರುತ್ತಾಳೆಂದು ಗೊತ್ತಿರುವುದು ನಿಮಗೆ.

ನಮ್ಮ ಕೂಟದ ಬೇಸಿಗೆ ಕ್ರೀಡಾ ದಿನಕ್ಕೂ ಇದೇ ಮಾತು. ಚಿಕ್ಕ ಮಕ್ಕಳ ಗೋಣಿಚೀಲದ ಓಟ, ಹಗ್ಗ ಜಗ್ಗಾಟ ನಡೆಸುವವರು ನೀವೇ ದೊಡ್ಡ ಮಕ್ಕಳು ಅಲ್ಲವೇ? ರಾಷ್ಟ್ರೀಯ ಹವಾಮಾನ ಸೇವೆಯ ವೆಬ್‌ಸೈಟ್‌ನಲ್ಲಿ ವೆಟ್ ಬಲ್ಬ್ ಗ್ಲೋಬ್ ಅಳತೆಯ ಮುನ್ಸೂಚನೆ ಸಿಗುತ್ತದೆ, ಅದನ್ನು ನೋಡಿಯೇ ಓಟಗಳನ್ನು ಬೆಳಿಗ್ಗೆ ಎಂಟಕ್ಕೋ ಸಂಜೆ ಏಳಕ್ಕೋ ಇಡೋಣ. ಮಧ್ಯಾಹ್ನಕ್ಕೆ ಚೌಕಾಬಾರ, ಅಂತ್ಯಾಕ್ಷರಿ ಇರಲಿ. ನೀರಿನ ತೊಟ್ಟಿ ನಾನು ತರುತ್ತೇನೆ, ನಮ್ಮ ಗರಾಜಿನಲ್ಲಿ ಒಂದಿದೆ. ಐಸ್ ಮೂಟೆ ತರಲು ಮಾತ್ರ ಪಿಕಪ್ ಟ್ರಕ್ ಇರುವ ಯಾರಾದರೂ ಹೆಸರು ಕೊಡಿ.